ರಾಜನ ಟ್ರಂಕು, ಅಕ್ಕನ ಆಲೂಗಡ್ಡೆ

ಕೇಳಿರಿ ಮಹಾಜನಗಳೇ, ಕೇಳಿರಿ. ಡಿಪೋ ಗೇಟಿನ ಎದುರಿನ ಊಟದ ಮನೆಯಲ್ಲಿ ಸಾಲುಬೆಂಚುಗಳ ಮೇಲೆ ತಟ್ಟೆ ಮುಂದಿಟ್ಟುಕೊಂಡು ಕುಳಿತಿರುವ ಡ್ರೈವರುಗಳೇ, ಕಂಡಕ್ಟರುಗಳೇ, ಗ್ರೀಸು ಮೆತ್ತಿದ ಕೈಯನ್ನು ಎರಡು ಸಲ ತೊಳೆದರೂ ನನ್ನಕ್ಕನಿಂದ ಬೈಸಿಕೊಂಡು ಮೂರನೇ ಸಲ ತೊಳೆಯಲು ಎದ್ದಿರುವ ಮೆಕ್ಯಾನಿಕ್ಕುಗಳೇ, ಜಾಗಕ್ಕಾಗಿ ಬಾಗಿಲ ಬಳಿ ಕಾಯುತ್ತಿರುವ ಕೊನೆಯ ಪಂಕ್ತಿಯವರೇ, ತುತ್ತು ಬಾಯಲ್ಲಿರಲಿ, ಕಿವಿ ಇತ್ತ ಇರಲಿ. ಈ ಪತ್ರ ನಿಮಗೆ ಬರೆದದ್ದಲ್ಲ, ನಿಮಗೆ ದಿನಕ್ಕೆರಡು ಹೊತ್ತು ಬಡಿಸುವ ನನ್ನಕ್ಕನಿಗೆ ಬರೆದದ್ದು. ಆದರೂ ನಿಮ್ಮೆಲ್ಲರ ಎದುರಿಗೇ ಗಟ್ಟಿಯಾಗಿ ಓದಬೇಕೆಂದು ಇದನ್ನು ತಂದಿರುವ ಮೂರು ಗಂಟೆ ಬಸ್ಸಿನ ಮೀಸೆ ಡ್ರೈವರಿಗೆ ಕೈಮುಗಿದು ಹೇಳಿ ಕಳಿಸಿದ್ದೇನೆ. ಏಕೆಂಬುದು ಓದುತ್ತಾ ಹೋದಂತೆ ತಿಳಿಯುತ್ತದೆ. ಮೀಸೆಯವರೇ, ಕೆಮ್ಮುವುದಿದ್ದರೆ ಈಗಲೇ ಕೆಮ್ಮಿಬಿಡಿ, ನಡುವೆ ನಿಲ್ಲಿಸಬೇಡಿ. ಅಕ್ಕ ಕಾಗದ ಕಿತ್ತುಕೊಳ್ಳಲು ಬಂದರೆ ಬೆಂಚು ಹತ್ತಿ ನಿಂತು ಓದಿ. ಅವಳ ಮಂಡಿಗೆ ಬೆಂಚು ಹತ್ತಲಾಗದು.

ಪ್ರೀತಿಯ ಅಕ್ಕ,

ಸದ್ದು ಬಂತು. ಇವತ್ತು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಮೇಲ್ಮನೆಯ ತಾರಸಿಯ ಮೇಲೆ, ಬಿಸಿಲಿನಲ್ಲಿ ಮಂಡಿಯೂರಿ ಕುಳಿತು, ಒಂದು ಆಲೂಗಡ್ಡೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೊಳದೆತ್ತರದಿಂದ ಸ್ಟೀಲ್ ತಟ್ಟೆಗೆ ಬಿಟ್ಟೆ. ಟಣ್ ಅಂದಿತು. ನಾನು ನಂಬಲಿಲ್ಲ. ಇನ್ನೊಂದು ಬಿಟ್ಟೆ. ಅದೂ ಟಣ್. ಆಮೇಲೆ ಒಂದು ಬೊಗಸೆ ತುಂಬಾ ತೆಗೆದು ಸುರಿದೆ ನೋಡು, ಪಿಂಗಾಣಿ ಬಸಿ ಒಡೆದು ಮೆಟ್ಟಿಲಿನ ಮೇಲೆ ಉರುಳಿದ ಹಾಗೆ ಇಡೀ ತಾರಸಿ ಸದ್ದಾಯಿತು. ಬಾಗಿಲಲ್ಲಿ ನಿಂತಿದ್ದ ಮೇಲ್ಮನೆಯ ನರ್ಸಮ್ಮ ಹೆದರಿ ಕಾಫಿ ಲೋಟ ಕೆಳಗಿಟ್ಟರು. ‘ಪಿಂಗಾಣಿ ಚೂರಿನ ಸದ್ದು ಬರೋವರೆಗೂ ಬಿಲ್ಲೆ ಒಣಗಿಲ್ಲ ಅಂತಲೇ ಲೆಕ್ಕ ಕಣೋ’ ಎಂದು ನೀನು ಹೇಳುತ್ತಿದ್ದೆಯಲ್ಲ, ಆ ಸದ್ದು. ಹದಿನಾಲ್ಕು ವರ್ಷದ ಮೇಲೆ ಕೇಳಿದೆ ಅಕ್ಕ, ನನ್ನ ಕೈಯಿಂದಲೇ ಹುಟ್ಟಿದ್ದನ್ನು ಕೇಳಿದೆ.

ಹನ್ನೆರಡು ದಿನದ ಹಿಂದೆ ನೀನು ಫೋನಿನಲ್ಲಿ ಆಡಿದ ಮಾತು ಒಂದಕ್ಷರ ಬಿಡದೆ ನೆನಪಿದೆ. ‘ಸಿಪ್ಪೆ ಮೇಲೆ ಕಾಲಿಟ್ಟು ಜಾರಿದೆ. ಬ್ಯಾಂಡೇಜ್ ಬಿಚ್ಚಿದಾರೆ, ಆದ್ರೆ ಮಣಿಕಟ್ಟು ತಿರುಗ್ತಾ ಇಲ್ಲ. ಸೌಟು ಹಿಡಿದ್ರೆ ಸೌಟು ಬೀಳುತ್ತೆ, ಚಾಕು ಹಿಡಿದ್ರೆ ಚಾಕು ಬೀಳುತ್ತೆ. ಮುಂದಿನ ಸೋಮವಾರದಾಚೆ ಸೋಮವಾರ ಊಟದ ಮನೆಗೆ ಬೀಗ ಹಾಕ್ತೀನಿ.’ ಊರಿನ ಹವಾಮಾನ ಹೇಳುವವಳ ಹಾಗೆ ಹೇಳಿದೆ. ನಾನು ತಡೆಯಲಾಗದೆ, ‘ನಾನು ಬಂದು ಅಡುಗೆ ಮಾಡ್ತೀನಕ್ಕ’ ಎಂದುಬಿಟ್ಟೆ. ನೀನು ನಕ್ಕೆ. ನಗು ನಿಲ್ಲಿಸಿದೆ. ಆಮೇಲೆ ಹೇಳಿದೆ: ‘ಒಂದು ಡಬ್ಬ ಆಲೂಗಡ್ಡೆ ಬಿಲ್ಲೆ ಒಣಗಿಸಿ ತಂದು ತೋರಿಸು. ಕಪ್ಪಾಗಿರಬಾರದು. ಮುಗ್ಗಿರಬಾರದು. ಬೇರೆ ಯಾವ ವಾಸನೆಯೂ ಇರಬಾರದು. ಆಮೇಲೆ ಮಾತಾಡೋಣ.’

ಬೇರೆ ಯಾವ ವಾಸನೆಯೂ. ಆ ಮಾತು ನೀನು ಬೇಕೆಂದೇ ಹೇಳಿದೆಯೋ, ಬಾಯಿಗೆ ಬಂತೋ, ನನಗೆ ಗೊತ್ತಿಲ್ಲ. ಅದು ಮಾತ್ರ ನೇರವಾಗಿ ಬಂದು ಎದೆಯಲ್ಲಿ ಕುಳಿತಿತು.

ಮೊದಲು ನಾನು ಗೆದ್ದ ಕಥೆ ಕೇಳು, ಆಮೇಲೆ ಸೋತ ಕಥೆ.

ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ‘ಪ್ರಯಾಣಿಕರ ಗಮನಕ್ಕೆ’ ಎನ್ನುತ್ತಿದ್ದ ನನ್ನ ಕೆಲಸವನ್ನು ಹೋದ ತಿಂಗಳು ಒಂದು ಯಂತ್ರಕ್ಕೆ ಕೊಟ್ಟರು. ಅದು ಎಲ್ಲ ಊರಿನ ಹೆಸರನ್ನೂ ಒಂದೇ ಸ್ವರದಲ್ಲಿ, ಜ್ವರ ಬಂದವರ ಹಾಗೆ ಹೇಳುತ್ತದೆ. ಅಂತೂ ನನ್ನ ಕೈ ಖಾಲಿಯಿತ್ತು. ಮರುದಿನವೇ ಮಾರ್ಕೆಟ್ಟಿಗೆ ಹೋಗಿ ಹತ್ತು ಕಿಲೋ ತಂದೆ. ನೀನು ಕಲಿಸಿದ್ದು ಕಿವಿಯಲ್ಲಿತ್ತು: ಗಟ್ಟಿಯಿರಬೇಕು, ಮೊಳಕೆ ಒಡೆದಿರಬಾರದು, ಹಸಿರು ತಿರುಗಿದ್ದನ್ನು ಮುಟ್ಟಬಾರದು, ಈರುಳ್ಳಿಯ ಪಕ್ಕ ಇಡಬಾರದು. ಅಂಗಡಿಯವ ಮೂಟೆಯ ಮೇಲೆ ಕೂತು ನೋಡುತ್ತಿದ್ದ. ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ ನನ್ನನ್ನು, ‘ಏನ್ ಸ್ವಾಮಿ, ಹೆಣ್ಣು ನೋಡೋಕೆ ಬಂದಿದೀರಾ’ ಎಂದು ಕೇಳಿದ. ‘ಇಲ್ಲಪ್ಪ, ಇವರನ್ನೆಲ್ಲ ಪರೀಕ್ಷೆಗೆ ಕೂರಿಸಬೇಕು’ ಎಂದೆ. ‘ಫೇಲಾದವ್ರನ್ನ ವಾಪಸ್ ತಗೊಳಲ್ಲ ಮತ್ತೆ’ ಎಂದ.

ಮೊದಲ ಸರದಿ ಫೇಲಾಯಿತು. ಹೆಚ್ಚಿದ ಬಿಲ್ಲೆಗಳನ್ನು ನೀರಿಗೆ ಹಾಕದೆ ತಟ್ಟೆಯಲ್ಲಿ ಜೋಡಿಸಿ, ಸಾಲು ಚೆನ್ನಾಗಿ ಬಂತೆಂದು ದೂರ ನಿಂತು ನೋಡಿ ಮೆಚ್ಚಿಕೊಂಡೆ. ಕಂಪನಿ ನಾಟಕದಲ್ಲಿ ರಾಜನ ಪಾತ್ರ ಮಾಡಿದವನ ಬುದ್ಧಿ ಎಲ್ಲಿ ಹೋಗುತ್ತದೆ. ನಾನು ಮೆಚ್ಚಿಕೊಳ್ಳುವಷ್ಟರಲ್ಲಿ ಅವು ಒಂದೊಂದೇ ಕಂದಿ, ಕೆಂಪಾಗಿ, ಕಪ್ಪಾಗಿ, ಖಳನಾಯಕನ ಸೈನ್ಯದ ಹಾಗೆ ನನ್ನ ಮುಂದೆ ನಿಂತವು. ಎರಡನೇ ಸರದಿಗೆ ನೀರು ಬದಲಿಸಿದೆ, ತಿಳಿಯಾಗುವವರೆಗೆ ಬದಲಿಸಿದೆ, ಆದರೆ ಕುದಿಯುವ ಉಪ್ಪುನೀರಿಗೆ ಹಾಕಿದ ಮೇಲೆ ಒಂದು ಫೋನು ಬಂತು. ಬಂದು ನೋಡಿದರೆ ಬಿಲ್ಲೆಗಳು ಬಿಲ್ಲೆತನವನ್ನೇ ಮರೆತಿದ್ದವು. ಹಿಸುಕಿ ಉಪ್ಪು ಖಾರ ಹಾಕಿ ನಾಲ್ಕು ದಿನ ತಿಂದೆ. ಮೇಲ್ಮನೆಯ ನರ್ಸಮ್ಮನಿಗೂ ಕೊಟ್ಟೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಈಗ ತಾರಸಿಯ ಬೀಗದ ಕೈಯನ್ನೂ ಬಾಡಿಗೆದಾರರ ಆರೋಗ್ಯವನ್ನೂ ನೋಡಿಕೊಳ್ಳುವವರು ಅವರು. ಮೂರನೇ ದಿನ ಬಟ್ಟಲನ್ನು ಹಾಗೇ ವಾಪಸ್ ತಂದು, ‘ರಾಜರೇ, ನಮ್ಮ ವಾರ್ಡಿನಲ್ಲಿ ಹಲ್ಲಿಲ್ಲದವ್ರಿಗೆ ಇದನ್ನೇ ಕೊಡ್ತಿದ್ವಿ. ನನಗಿನ್ನೂ ಹಲ್ಲಿದೆ’ ಎಂದರು.

ಮೂರನೇ ಸರದಿಗೆ ನಾನು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಕ್ಕ, ಆ ಬೆಳಿಗ್ಗೆಯನ್ನು ಹೇಗೆ ಹೇಳಲಿ. ಗಡ್ಡೆಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟೆ. ಮುಳುಗಿದ ಹಿಟ್ಟುಗಡ್ಡೆಗಳನ್ನು ಆರಿಸಿಕೊಂಡೆ, ತೇಲಿದ್ದನ್ನು ಪಕ್ಕಕ್ಕಿಟ್ಟೆ. ಸಿಪ್ಪೆ ಹೆರೆದ ಹಾಗೆಲ್ಲ ನೀರಿಗೆ ಬಿಟ್ಟೆ. ಬಿಲ್ಲೆ ಒಂದೇ ದಪ್ಪ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು. ನಾಲ್ಕು ನೀರು ಬದಲಿಸಿದ ಮೇಲೆ ಬಕೆಟ್ಟಿನ ತಳದಲ್ಲಿ ಬೆಳ್ಳಗೆ ಗಂಜಿ ಕೂತಿತ್ತು. ನೀನು ಅದನ್ನು ಒಣಗಿಸಿಟ್ಟು ರಾಣಿಯರ ಲಂಗಕ್ಕೆ ಹಾಕುತ್ತಿದ್ದೆ. ಲಂಗ ತಾನೇ ನಿಂತುಕೊಳ್ಳುತ್ತಿತ್ತು, ಒಳಗೆ ರಾಣಿಯಿಲ್ಲದಿದ್ದರೂ. ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಮಳ್ಳುತ್ತಿದ್ದಾಗ ಬಿಲ್ಲೆ ಹಾಕಿ ನಿನ್ನ ಹಾಗೆಯೇ ಗಡಿಯಾರ ನೋಡದೆ ಅಂಚನ್ನು ನೋಡಿದೆ. ಅಂಚು ಗಾಜಿನ ಹಾಗೆ ತಿಳಿಯಾಗಿ, ನಡುವೆ ಇನ್ನೂ ಬಿಳುಪಿರುವಾಗ ಜಾಲರಿ ಸೌಟಿನಲ್ಲಿ ಎತ್ತಿಬಿಟ್ಟೆ. ಬಿಳಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡುವಾಗ ನನಗೆ ನಮ್ಮ ನಾಟಕ ಕಂಪನಿಯ ಬಿಳಿ ಪರದೆ ಕಣ್ಣಿಗೆ ಬಂತು. ‘ಅರಮನೆ ಪರದೆ ಬೇಡ, ಬಣ್ಣ ಬಿಡುತ್ತೆ. ಕಾಡಿನ ಪರದೆಯೂ ಬೇಡ. ನೆರಳಾಟದ ಬಿಳಿ ಪರದೆ ತಗೊಂಬಾ’ ಎನ್ನುತ್ತಿದ್ದೆ ನೀನು. ಹಗಲೆಲ್ಲ ಆಲೂಗಡ್ಡೆ ಮಲಗಿದ್ದ ಪರದೆಯ ಮೇಲೆ ಸಂಜೆ ದೆವ್ವಗಳು ಕುಣಿಯುತ್ತಿದ್ದವು, ಮುಂದಿನ ಸಾಲಿನವರು ಹೆದರಿ ಕಿರುಚುತ್ತಿದ್ದರು.

ಮೊದಲ ದಿನ ಕಾಗೆ ಬಂತು. ನಾನು ನನ್ನ ಹಳೆಯ ರಾಜದನಿಯಲ್ಲಿ ‘ಯಾರಲ್ಲಿ’ ಎಂದೆ. ಕಾಗೆ ಹೋಯಿತು, ಎದುರು ಮನೆಯ ಇಬ್ಬರು ಹೊರಗೆ ಬಂದರು. ಎರಡನೇ ದಿನ ಮಧ್ಯಾಹ್ನ ಮೋಡ ಕವಿಯಿತು. ನಾಲ್ಕು ಮೂಲೆ ಹಿಡಿದು ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದೆ, ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರಡಿ, ಹಾಸಿಗೆ ಬಿಟ್ಟುಕೊಟ್ಟು ಕುರ್ಚಿಯಲ್ಲಿ ಕೂತೆ. ಮೂರನೇ ದಿನ, ಅಂದರೆ ಇವತ್ತು, ಬಿಸಿಲು ಬಂತು. ಸದ್ದೂ ಬಂತು.

ಎರಡು ಬಿಲ್ಲೆ ಕರಿದೆ. ಕರಿಯುವಾಗ ನಾನೊಂದು ಹೊಸ ವಿಷಯ ಕಂಡುಹಿಡಿದೆ, ಇದು ನಿನಗೂ ಗೊತ್ತಿದೆಯೋ ಇಲ್ಲವೋ. ಎಣ್ಣೆಗೆ ಬಿದ್ದ ಬಿಲ್ಲೆ ಗದ್ದಲ ಮಾಡುತ್ತದೆ, ನೂರು ಜನ ಒಟ್ಟಿಗೆ ಪಿಸುಗುಟ್ಟಿದ ಹಾಗೆ. ಆ ಪಿಸುಮಾತು ಇಳಿಯುತ್ತಾ ಇಳಿಯುತ್ತಾ ಒಂದು ಕ್ಷಣ ನಿಲ್ಲುತ್ತದೆ, ಪರದೆ ಏಳುವ ಮುಂಚೆ ಸಭೆ ನಿಶ್ಶಬ್ದವಾಗುವ ಹಾಗೆ. ಆಗ ತೆಗೆಯಬೇಕು. ಬಣ್ಣ ನೋಡಬೇಕಿಲ್ಲ. ಆ ನಿಶ್ಶಬ್ದವನ್ನು ನಾನು ಮೂವತ್ತು ವರ್ಷ ಪಕ್ಕದ ಪರದೆಯ ಹಿಂದೆ ನಿಂತು ಕೇಳಿದ್ದೇನೆ. ಬಾಣಲೆಯಲ್ಲೂ ಅದೇ ಇದೆಯೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಬೆಳ್ಳಗೆ ಉಬ್ಬಿ ಬಂತು ಅಕ್ಕ, ಹಲ್ಲಿಗೆ ಸಿಕ್ಕರೆ ಪುಡಿ.

ಇಲ್ಲಿಗೆ ನಾನು ಗೆದ್ದ ಕಥೆ ಮುಗಿಯಿತು. ಮೀಸೆಯವರೇ, ನೀರು ಕುಡಿಯಿರಿ. ಮುಂದಿನದನ್ನು ನಿಧಾನವಾಗಿ ಓದಿ.

ಉಳಿದ ಬಿಲ್ಲೆಗಳನ್ನು ತಗಡಿನ ಡಬ್ಬಕ್ಕೆ ತುಂಬಿದೆ. ಗಟ್ಟಿ ಮುಚ್ಚಳದ, ಒಳ್ಳೆಯ ಡಬ್ಬ. ಹತ್ತು ನಿಮಿಷದಲ್ಲಿ ನರ್ಸಮ್ಮ ಲೋಟ ತೆಗೆದುಕೊಳ್ಳಲು ಬಂದವರು ಡಬ್ಬದ ಮುಂದೆ ನಿಂತರು. ‘ರಾಜರೇ, ಇದರಲ್ಲಿ ಮೊದಲು ಏನಿತ್ತು?’ ಎಂದರು. ‘ಏನೋ ಹಳೇ ಡಬ್ಬ, ತೊಳೆದಿದೀನಿ’ ಎಂದೆ. ‘ಮೂಸಿ ನೋಡಿದ್ರಾ?’ ಎಂದು ಕೇಳಿದರು.

‘ನೋಡ್ದೆ. ಏನೂ ವಾಸನೆ ಇಲ್ಲ’ ಎಂದೆ.

ಅಕ್ಕ, ಆ ಮಾತು ಬಾಯಿಂದ ಹೊರಬಿದ್ದ ಕೂಡಲೇ ಗುರುತು ಹಿಡಿದೆ. ಅದೇ ಮಾತು. ಅದೇ ದನಿ. ಹದಿನಾಲ್ಕು ವರ್ಷದ ಹಿಂದೆ ನಾನು ನಿನಗೆ ಹೇಳಿದ್ದು, ಅಕ್ಷರ ಅಕ್ಷರ ಅದೇ.

‘ಬೂಟ್ ಪಾಲಿಷ್ ರೀ. ನಾಲ್ಕು ಮೆಟ್ಟಿಲು ಆಚೆಯಿಂದಲೇ ಗೊತ್ತಾಗ್ತಿದೆ’ ಎಂದರು ನರ್ಸಮ್ಮ. ಮರುಮಾತಾಡದೆ ಡಬ್ಬವನ್ನು ಬಟ್ಟೆಯ ಮೇಲೆ ಮಗುಚಿ, ಒಂದೊಂದು ಬಿಲ್ಲೆಯನ್ನೂ ಮೂಸಿ, ತಳದಲ್ಲಿದ್ದ ಎರಡು ಹಿಡಿಯನ್ನು ತೆಗೆದೆಸೆದರು. ಉಳಿದದ್ದಕ್ಕೆ ಇನ್ನೂ ಹಿಡಿದಿಲ್ಲ ಎಂದರು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಒಂದೊಂದೇ ಹಿಡಿಯುತ್ತಾ ಬಂದರು. ನಾನು ‘ಕಾಫಿಪುಡಿ’ ಎಂದೆ, ಅದು ಸೋಪು. ‘ಸೋಪು’ ಎಂದೆ, ಅದು ಹೆಚ್ಚಿದ ಈರುಳ್ಳಿ. ಮೂರನೆಯದಕ್ಕೆ ನಾನು ಏನೂ ಹೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವರ ಕೈಯಲ್ಲಿ ಏನೂ ಇರಲಿಲ್ಲ. ‘ಎಷ್ಟು ವರ್ಷದಿಂದ?’ ಎಂದು ಕೇಳಿದರು, ಆಸ್ಪತ್ರೆಯ ದನಿಯಲ್ಲಿ.

ಹದಿನಾರು ವರ್ಷದಿಂದ, ಅಕ್ಕ. ನಿನಗೆ ಹೇಳದೇ ಇದ್ದ ಮಾತು ಇದು. ನನಗೆ ವಾಸನೆ ಬರುವುದಿಲ್ಲ.

ಗಡ್ಡ ಅಂಟಿಸುವ ಗೋಂದಿನಿಂದಲೋ, ಮುಖದ ಬಣ್ಣದಿಂದಲೋ, ದಿನಾ ಉಸಿರಿಗೆಳೆದುಕೊಂಡ ಪೌಡರಿನಿಂದಲೋ, ಯಾವುದರಿಂದ ಎಂದು ಹೇಳಲಾರೆ. ಮೊದಲು ಹೂವು ಹೋಯಿತು, ಆಮೇಲೆ ಸೋಪು, ಆಮೇಲೆ ನಿನ್ನ ಒಗ್ಗರಣೆ. ನಾಲಿಗೆ ಉಪ್ಪು, ಹುಳಿ, ಖಾರ ಎಂದಷ್ಟು ಹೇಳುತ್ತದೆ. ಉಳಿದದ್ದೆಲ್ಲ ಮೂಗಿನ ಕೆಲಸವಂತೆ. ನಾನು ಯಾರಿಗೂ ಹೇಳಲಿಲ್ಲ. ಎರಡನೇ ಅಂಕದಲ್ಲಿ ರಾಜಕುಮಾರಿ ಕೊಟ್ಟ ಹೂವನ್ನು ಮೂಸಿ ‘ಆಹಾ, ಏನು ಪರಿಮಳ’ ಎಂದು ಕಣ್ಣು ಮುಚ್ಚಿದರೆ ಸಭೆ ನಿಟ್ಟುಸಿರು ಬಿಡುತ್ತಿತ್ತು. ಅದು ಕಾಗದದ ಹೂವು. ಕಾಗದದ ಹೂವನ್ನು ಮೂಸಿ ಸಾವಿರ ಜನರನ್ನು ನಂಬಿಸಿದವನಿಗೆ ನಿನ್ನ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ‘ಆಹಾ’ ಎನ್ನುವುದು ಎಷ್ಟರ ಕೆಲಸ? ಎರಡು ವರ್ಷ ನಿನ್ನ ಒಲೆಯ ಮುಂದೆಯೂ ನಟಿಸಿದೆ ಅಕ್ಕ. ನೀನು ಬೀಗುತ್ತಿದ್ದೆ. ನಿನ್ನ ಮುಖ ನೋಡಿ ನನ್ನ ಆಹಾ ಇನ್ನೂ ಉದ್ದವಾಗುತ್ತಿತ್ತು.

ಈಗ ಮಹಾಜನಗಳು ಕೇಳಬೇಕು. ನೀವು ನನ್ನಕ್ಕನನ್ನು ‘ಟ್ರಂಕಕ್ಕ’ ಎಂದು ಕರೆಯುತ್ತೀರಿ. ಡಿಪೋದ ಎಲೆಕ್ಟ್ರಿಶಿಯನ್ ಆಗಿ ಬಂದ ನಮ್ಮ ಕಂಪನಿಯ ಲೈಟಿನವ ಆ ಹೆಸರನ್ನು ಜೊತೆಗೆ ತಂದ. ನಿಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಏಕೆಂದು ಗೊತ್ತಿರಲಾರದು. ‘ಟ್ರಂಕಕ್ಕ, ಇನ್ನೊಂಚೂರು ಹಾಕಿ’ ಎಂದು ಪ್ರೀತಿಯಿಂದಲೇ ಅನ್ನುತ್ತೀರಿ. ಅವಳೂ ಹಾಕುತ್ತಾಳೆ. ಇವತ್ತು ಕೇಳಿ.

ಆಟವಿಲ್ಲದ ಮೂರು ತಿಂಗಳು ನಮ್ಮ ಕಂಪನಿಯ ಹತ್ತೊಂಬತ್ತು ಹೊಟ್ಟೆಗೆ ಅಕ್ಕ ಒಣಗಿಸಿಟ್ಟ ಆಲೂಗಡ್ಡೆಯೇ ಗತಿ. ಆ ವರ್ಷ ಅವಳು ಎಂಟು ದಿನದಲ್ಲಿ ಮೂರು ಮೂಟೆ ಹೆಚ್ಚಿದಳು. ಹೆಬ್ಬೆರಳು ಸೀಳಿತ್ತು, ಬಟ್ಟೆ ಸುತ್ತಿಕೊಂಡು ಹೆಚ್ಚಿದಳು. ಡಬ್ಬಗಳು ಸಾಲಲಿಲ್ಲ, ಇಲಿಕಾಟ ಬೇರೆ. ನಾನು ದೊಡ್ಡ ಮನಸ್ಸು ಮಾಡಿ ನನ್ನ ರಾಜನ ಟ್ರಂಕನ್ನು ಬಿಟ್ಟುಕೊಟ್ಟೆ. ಕಬ್ಬಿಣದ ಟ್ರಂಕು, ಇಲಿ ಹಲ್ಲು ಮುರಿದುಕೊಳ್ಳಬೇಕು. ಮೂರು ಮೂಟೆಯ ಬಿಲ್ಲೆಯೂ ಅದರಲ್ಲೇ ಹಿಡಿಸುತ್ತಿತ್ತು. ಜರಿಯ ಅಂಗಿಗಳನ್ನೆಲ್ಲ ತೆಗೆದು ಗೂಟಕ್ಕೆ ತೂಗುಹಾಕಿದೆ. ಆ ಅಂಗಿಗಳಿಗೆ ನುಸಿ ಹಿಡಿಯದಿರಲೆಂದು ವರ್ಷಗಟ್ಟಲೆ ಹಾಕಿದ್ದ ಡಾಂಬರು ಗುಳಿಗೆಗಳಲ್ಲಿ ನಾಲ್ಕೋ ಐದೋ ತಳಕ್ಕೆ ಹಾಸಿದ್ದ ಕಾಗದದ ಕೆಳಗೇ ಉಳಿದುಹೋಗಿದ್ದವು.

ಆ ದಿನ ನಿನಗೆ ಶೀತವಾಗಿತ್ತು ಅಕ್ಕ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, ‘ನನಗೆ ಮೂಗು ಕಟ್ಟಿದೆ ಕಣೋ, ಏನೂ ಗೊತ್ತಾಗ್ತಿಲ್ಲ. ನೀನೇ ಒಂದು ಸಲ ಮೂಸಿ ನೋಡು’ ಎಂದೆ. ನಾನು ಟ್ರಂಕಿನೊಳಗೆ ತಲೆ ಹಾಕಿ, ರಾಜಕುಮಾರಿಯ ಹೂವನ್ನು ಮೂಸುವ ಹಾಗೆ ದೀರ್ಘವಾಗಿ ಉಸಿರೆಳೆದು, ತಲೆ ಹೊರಗೆ ತೆಗೆದು ಹೇಳಿದೆ: ‘ನೋಡ್ದೆ. ಏನೂ ವಾಸನೆ ಇಲ್ಲ. ಹೊಸಾ ಟ್ರಂಕಿನ ಹಾಗಿದೆ.’

ಎರಡು ತಿಂಗಳ ಮೇಲೆ, ಕಂಪನಿ ನಡೆಸುತ್ತಿದ್ದ ನಮ್ಮಪ್ಪ ಟ್ರಂಕಿನ ಮುಚ್ಚಳ ತೆಗೆದ. ಎಲ್ಲರೂ ತಟ್ಟೆ ಹಿಡಿದು ಕೂತಿದ್ದೆವು. ಮೊದಲ ಸಾಲಿನವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನೂ ಸರಿದೆ, ಒಂದು ಕ್ಷಣ ತಡವಾಗಿ, ಅವರನ್ನು ನೋಡಿ. ನಮ್ಮ ಬೊಕ್ಕಬಾಯಿ ವಿದೂಷಕ ಒಂದು ಬಿಲ್ಲೆಯನ್ನು ಎತ್ತಿ ಹಿಡಿದು, ‘ಇದನ್ನ ತಿಂದ್ರೆ ಕರುಳಿಗೆ ನುಸಿ ಹತ್ತಲ್ಲ ಬಿಡ್ರಪ್ಪ, ನೂರು ವರ್ಷ ಗ್ಯಾರಂಟಿ’ ಎಂದ. ಹಸಿದ ಹೊಟ್ಟೆಯಲ್ಲೂ ಜನ ನಕ್ಕರು. ಅಪ್ಪ ನಗಲಿಲ್ಲ. ‘ಯಾರು ಇದನ್ನ ನೋಡಿ ಇಟ್ಟವರು?’ ಎಂದು ಕೇಳಿದ. ನಾನು ಬಾಯಿ ತೆರೆದೆ. ಐನೂರು ಜನಕ್ಕೆ ಮೈಕಿಲ್ಲದೆ ಕೇಳಿಸುವ ನನ್ನ ಗಂಟಲಿನಿಂದ ಗಾಳಿ ಕೂಡ ಬರಲಿಲ್ಲ.

ನೀನು ನನ್ನನ್ನು ಒಂದೇ ಒಂದು ಸಲ ನೋಡಿದೆ. ಆಮೇಲೆ ಅಪ್ಪನ ಕಡೆ ತಿರುಗಿ, ‘ನಾನೇ. ಶೀತ ಆಗಿತ್ತು, ಗೊತ್ತಾಗಲಿಲ್ಲ. ಬೈಯೋದಿದ್ರೆ ನನಗೆ ಬೈಯಿ’ ಎಂದೆ.

ಮೂರು ಮೂಟೆಯ ಬಿಲ್ಲೆಗಳನ್ನು ಗುಂಡಿ ತೋಡಿ ಮುಚ್ಚಿದೆವು. ಹದಿನೈದು ದಿನದಲ್ಲಿ ಆರು ಜನ ಬೇರೆ ಕಂಪನಿಗೆ ಹೋದರು. ಅಲ್ಲಿಂದ ನಮ್ಮ ಪರದೆ ಸರಿಯಾಗಿ ಏಳಲೇ ಇಲ್ಲ. ಉಳಿದದ್ದು ಒಂದು ಹೆಸರು. ಟ್ರಂಕಕ್ಕ. ಅದನ್ನು ಹೊತ್ತುಕೊಂಡು ನೀನು ಕಂಪನಿಯ ಅಡುಗೆಮನೆಯಿಂದ ಹೊರಟೆ, ಒಂದು ಬಾಣಲೆ ಮತ್ತು ಆ ಹೆಸರು, ಅಷ್ಟೇ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೇಕಂತ ಮಾಡಿದೆಯಾ, ಉಡಾಫೆಯಿಂದ ಮಾಡಿದೆಯಾ, ನಿಜವಾಗಿ ಮೂಸಿದೆಯಾ ಎಂದು ನೀನು ಇವತ್ತು ಕೇಳುತ್ತೀಯೆ, ನಾಳೆ ಕೇಳುತ್ತೀಯೆ ಎಂದು ಹದಿನಾಲ್ಕು ವರ್ಷ ಕಾದೆ. ನೀನು ಫೋನಿನಲ್ಲಿ ‘ಊಟ ಆಯ್ತಾ’ ಎಂದಷ್ಟೇ ಕೇಳುತ್ತಿದ್ದೆ. ಆಯಿತು ಎನ್ನುತ್ತಿದ್ದೆ. ಆ ಊಟದ ವಾಸನೆ ಹೇಗಿತ್ತೆಂದು ನೀನು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ.

ಇವತ್ತು ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಸ್ಟೀಲ್ ಡಬ್ಬ ತಂದುಕೊಟ್ಟರು. ಬಿಲ್ಲೆ ತುಂಬಿ, ಮೂಸಿ, ಮುಚ್ಚಳಕ್ಕೆ ಸುತ್ತಲೂ ಆಸ್ಪತ್ರೆಯ ಬಿಳಿ ಪಟ್ಟಿ ಅಂಟಿಸಿದರು. ‘ನಾನು ಗ್ಯಾರಂಟಿ. ನಿಮ್ಮಕ್ಕ ಏನೂ ಹುಡುಕೋಕಾಗಲ್ಲ. ತಗೊಂಡ್ಹೋಗಿ, ಪಾಸಾಗಿ, ಸುಮ್ನಿರಿ’ ಎಂದರು. ಒಳ್ಳೆಯ ಮಾತು. ನಾನು ಒಂದು ಗಂಟೆ ಆ ಡಬ್ಬದ ಎದುರು ಕೂತಿದ್ದೆ. ಪಾಸಾಗುತ್ತಿದ್ದೆ ಅಕ್ಕ, ಅದರಲ್ಲಿ ಅನುಮಾನವಿಲ್ಲ. ನೀನು ಸೌಟು ಕೊಡುತ್ತಿದ್ದೆ. ಎಂಟು ದಿನ, ಹತ್ತು ದಿನ, ಒಂದು ತಿಂಗಳು ನಡೆಯುತ್ತಿತ್ತು. ಆಮೇಲೊಂದು ದಿನ ಎಣ್ಣೆ ಕಮಟಾಗಿರುತ್ತಿತ್ತು, ಅಥವಾ ಮೂಟೆಯ ತಳದಲ್ಲಿ ಗಡ್ಡೆ ಕೊಳೆತಿರುತ್ತಿತ್ತು, ಯಾರೋ ಬಂದು ‘ಮೂಸಿ ನೋಡಿದ್ರಾ’ ಎನ್ನುತ್ತಿದ್ದರು, ನಾನು ‘ನೋಡ್ದೆ, ಏನೂ ವಾಸನೆ ಇಲ್ಲ’ ಎನ್ನುತ್ತಿದ್ದೆ. ಆಗ ಈ ಬೆಂಚಿನ ಮೇಲಿರುವವರೆಲ್ಲ ಹೊಟ್ಟೆ ಹಿಡಿದುಕೊಂಡು ಸ್ಟಿಯರಿಂಗ್ ಹಿಡಿಯುತ್ತಿದ್ದರು. ನೀನು ಮತ್ತೆ ಎದ್ದು ನಿಂತು ‘ನಾನೇ’ ಎನ್ನುತ್ತಿದ್ದೆ. ನೀನು ಅನ್ನುತ್ತೀಯೆ, ನನಗೆ ಗೊತ್ತು.

ಅದಕ್ಕೇ ಪತ್ರ ಮುಂದೆ ಬರುತ್ತಿದೆ, ಡಬ್ಬ ಹಿಂದೆ ಬರುತ್ತಿದೆ. ಆ ಹೆಸರು ನಿನಗೆ ಜನರ ಎದುರು ಅಂಟಿತು; ಬಿಡಿಸುವುದೂ ಜನರ ಎದುರೇ ಆಗಬೇಕು. ಮಹಾಜನಗಳೇ, ಟ್ರಂಕು ನನ್ನದು, ಸುಳ್ಳು ನನ್ನದು, ಹೆಸರೂ ನನ್ನದು. ದಯವಿಟ್ಟು ಅವಳಿಂದ ಇಸಿದುಕೊಂಡು ನನಗೆ ಕೊಡಿ.

ಈಗ ಅಕ್ಕ, ನನ್ನ ಕೋರಿಕೆ. ಅಡುಗೆಮನೆ ಬಿಟ್ಟುಕೊಡು ಎಂದು ಕೇಳಲು ನಾನು ಬರುತ್ತಿಲ್ಲ. ಅದು ನನ್ನ ಕೈಲಿ ಒಂಟಿಯಾಗಿ ಆಗದು. ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುತ್ತಿದ್ದ ನಮ್ಮ ಮುದುಕಪ್ಪ ನಿನಗೆ ನೆನಪಿದ್ದಾನಲ್ಲ. ಸಭೆಗೆ ಅವನು ಕಾಣುತ್ತಿರಲಿಲ್ಲ, ಅವನಿಲ್ಲದೆ ಯಾವ ರಾಜನೂ ಎರಡನೇ ಅಂಕ ದಾಟುತ್ತಿರಲಿಲ್ಲ. ಒಲೆಯ ಪಕ್ಕದಲ್ಲಿ ಹಾಗೆ ಒಂದು ಸ್ಟೂಲು ಹಾಕಿಕೊಂಡು ಕೂರು. ಮೂಟೆ ಬಿಚ್ಚಿದಾಗ ಮೂಸು, ಎಣ್ಣೆ ಕಾದಾಗ ಮೂಸು, ಡಬ್ಬ ತೆಗೆದಾಗ ಮೂಸು, ಬೇಡವಾದದ್ದನ್ನು ಬೇಡ ಎನ್ನು. ಹೆರೆಯುವುದು, ಹೆಚ್ಚುವುದು, ಎತ್ತುವುದು, ತಿರುವಿಹಾಕುವುದು ನನಗಿರಲಿ. ಬಾಣಲೆ ಮಾತು ನಿಲ್ಲಿಸುವುದನ್ನು ನಾನು ಕೇಳಿಸಿಕೊಳ್ಳುತ್ತೇನೆ. ಕೈ ನಿನ್ನದು ತಿರುಗದು, ಮೂಗು ನನ್ನದು ಕೇಳದು. ಇಬ್ಬರಲ್ಲೂ ಉಳಿದಿರುವುದನ್ನು ಸೇರಿಸಿದರೆ ಒಬ್ಬ ಒಳ್ಳೆಯ ಅಡುಗೆಯವಳು ಆಗುತ್ತಾಳೆ ಎಂದು ನನ್ನ ಅಂದಾಜು.

ಬೇಡ ಅನ್ನಿಸಿದರೆ ಬಾಗಿಲಿಗೆ ‘ಊಟ ಇಲ್ಲ’ ಎಂಬ ಹಲಗೆ ತೂಗುಹಾಕು. ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಆಗಲೂ ಇಳಿಯುತ್ತೇನೆ, ಡಬ್ಬವನ್ನು ಹೊಸ್ತಿಲಲ್ಲಿಟ್ಟು ಮುಂದಿನ ಬಸ್ಸಿಗೆ ವಾಪಸಾಗುತ್ತೇನೆ. ಬಿಲ್ಲೆ ಮಾತ್ರ ತಿನ್ನು, ಅವುಗಳದ್ದೇನೂ ತಪ್ಪಿಲ್ಲ.

ನಿನ್ನ ಮಣಿಕಟ್ಟಿನ ನೋವು ಬೇಗ ಇಳಿಯಲಿ. ನಿನ್ನ ಮೂಗು ನೂರು ವರ್ಷ ಚುರುಕಾಗಿರಲಿ, ಶೀತ ಅದರ ಹತ್ತಿರ ಸುಳಿಯದಿರಲಿ. ಬೆಂಚಿನವರೇ, ನಿಮ್ಮ ಬ್ರೇಕು ಗಟ್ಟಿಯಿರಲಿ, ತಟ್ಟೆ ತುಂಬಿರಲಿ. ಮೀಸೆಯವರೇ, ಇನ್ನು ಇಳಿಯಬಹುದು, ಕಾಗದವನ್ನು ಅವಳ ಎಡಗೈಗೆ ಕೊಡಿ.

ನಾಳೆ ಬೆಳಿಗ್ಗೆ ಆರು ಗಂಟೆಯ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಡಬ್ಬ ತೊಡೆಯ ಮೇಲೆ. ಹತ್ತೂವರೆಗೆ ಡಿಪೋ ಗೇಟಿನಲ್ಲಿ ಇಳಿದು, ರಸ್ತೆ ದಾಟಿ, ಕೈಯನ್ನು ಮೂರು ಸಲ ತೊಳೆದು, ಡಬ್ಬವನ್ನು ನಿನ್ನ ಮುಂದೆ ಇಡುತ್ತೇನೆ. ಪಟ್ಟಿ ಬಿಚ್ಚಿ ಮುಚ್ಚಳ ತೆಗೆಯುವವಳು ನೀನು. ನಾನು ಆಹಾ ಎನ್ನುವುದಿಲ್ಲ. ನಿನ್ನ ಮುಖ ನೋಡುತ್ತಾ ಸುಮ್ಮನೆ ನಿಂತಿರುತ್ತೇನೆ.

ನಿನ್ನ ತಮ್ಮ,
ಇವತ್ತಿನಿಂದ ಎಲ್ಲರಿಗೂ ಟ್ರಂಕಣ್ಣ